ಗ್ರೀನ್ ಕಾರ್ಡ್ ಮೆಡಿಕಲ್, ಊರಿನ ಟಿಕೆಟ್: ಯಾವುದು ಮೊದಲು, ಯಾವುದು ಆಮೇಲೆ

ನಮ್ಮ ಗ್ರೀನ್ ಕಾರ್ಡ್ ಅರ್ಜಿ ಹಾಕುವ ತಿಂಗಳು ಹತ್ತಿರ ಬಂದಾಗ ವಕೀಲರಿಗಿಂತ ಮೊದಲು ಅಮ್ಮನಿಗೆ ಫೋನ್ ಮಾಡಿದೆ. ನನ್ನ ಚಿಕ್ಕಂದಿನ ಚುಚ್ಚುಮದ್ದಿನ ಚೀಟಿ ಎಲ್ಲಾದರೂ ಇದೆಯಾ ಅಂತ ಕೇಳಿದೆ. "ಎಡಗೈಗೆ ಹಾಕಿಸಿದ್ದು ನೆನಪಿದೆ ಕಣೋ, ಎರಡು ದಿನ ಅತ್ತಿದ್ದೆ. ಚೀಟಿ ಟ್ರಂಕಿನಲ್ಲಿ ನೋಡ್ತೀನಿ ಇರು" ಅಂದರು. ಟ್ರಂಕಿನಲ್ಲಿ ನನ್ನ ಜಾತಕ ಸಿಕ್ಕಿತು. ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಚುಚ್ಚುಮದ್ದಿನ ಚೀಟಿ ಮಾತ್ರ ಸಿಗಲಿಲ್ಲ.

ಮೆಡಿಕಲ್ ಒಂದು ಕೆಲಸ, ಊರಿಗೆ ಹೋಗಿ ಬರುವುದು ಬೇರೆ ಕೆಲಸ ಅಂತ ಆಗ ನಾವು ಅಂದುಕೊಂಡಿದ್ದೆವು. ಆದರೆ ಎರಡೂ ಒಂದೇ ದಾರದ ಗಂಟುಗಳು. 2025ರ ಜೂನ್ 11ರಿಂದ ಇರುವ ನಿಯಮ ನೋಡಿ: ಐ-693 ಅನ್ನುವ ಮೆಡಿಕಲ್ ಫಾರ್ಮ್ ಯಾವ ಅರ್ಜಿಯ ಜೊತೆ ಹೋಯಿತೋ, ಆ ಅರ್ಜಿ ಬಾಕಿ ಇರುವವರೆಗೆ ಮಾತ್ರ ಅದಕ್ಕೆ ಬೆಲೆ. ಅರ್ಜಿ ಬಿದ್ದುಹೋದರೆ ಮೆಡಿಕಲ್ಲೂ ಹೋಯಿತು. ರಕ್ತ, ಎಕ್ಸ್-ರೇ, ದುಡ್ಡು ಎಲ್ಲ ಮತ್ತೆ ಮೊದಲಿಂದ. ಅರ್ಜಿಯನ್ನು ಬೀಳಿಸಿಕೊಳ್ಳುವ ಅತಿ ಸುಲಭದ ದಾರಿ ಯಾವುದು ಗೊತ್ತಾ? ಕೈಯಲ್ಲಿ ಸರಿಯಾದ ಕಾಗದ ಇಲ್ಲದೆ ವಿಮಾನ ಹತ್ತುವುದು.

ಹೀಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕ ಇಲ್ಲಿ ತುಂಬಾ ಮುಖ್ಯ. ನಾನು ಬರೆಯುತ್ತಿರುವುದು ಹೆಚ್ಚಾಗಿ ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಗಂಡ, ಹೆಂಡತಿ, ಮಕ್ಕಳ ವೀಸಾ) ಮೇಲೆ ಇದ್ದುಕೊಂಡು ಅಲ್ಲಿಂದಲೇ ಅರ್ಜಿ ಹಾಕುವ ಕುಟುಂಬಗಳಿಗೆ. ಊರಿನಿಂದ ಬರುವ ಅಪ್ಪ ಅಮ್ಮನ ವಿಷಯ ಕೊನೆಯ ಕಡೆಗೆ ಇದೆ. ನಾನು ವಕೀಲನಲ್ಲ. ಫೀಸು, ಫಾರ್ಮಿನ ಆವೃತ್ತಿ ಆಗಾಗ ಬದಲಾಗುತ್ತವೆ, ಹಾಗಾಗಿ ಹಾಕುವ ದಿನ, ಈ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲಿ ಆ ಫಾರ್ಮಿನ ಪುಟವನ್ನು ಒಮ್ಮೆ ತೆರೆದು ನೋಡಿ.

ಮೊದಲ ಹೆಜ್ಜೆ: ತಾರೀಖು ಬರುವ ಮೊದಲೇ ಟ್ರಂಕು ತೆರೆಯಿರಿ

ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಸುಮಾರು ಶೇ. 7ರ ಮಿತಿ ಇದೆ. ಅದಕ್ಕೇ ಭಾರತದವರ ಸಾಲು ಇಷ್ಟುದ್ದ. ಕೆಲಸದ ಮೇಲೆ ಸಿಗುವ ಕಾರ್ಡಿನ ಇಬಿ-2, ಇಬಿ-3 ಸಾಲಿನಲ್ಲಿ 2025ರ ಕೊನೆಗೂ ಕಾರ್ಡ್ ಸಿಗುತ್ತಿದ್ದುದು 2013ರ ತಾರೀಖಿನವರಿಗೆ, ಅಂದರೆ ಆ ವರ್ಷ ಸಾಲು ಸೇರಿದವರಿಗೆ. ಹನ್ನೆರಡು ವರ್ಷ ಕಾಯುವುದು, ಆಮೇಲೆ ಎರಡು ಮೂರು ವಾರದಲ್ಲಿ ಎಲ್ಲ ಓಡಾಡಿ ಮುಗಿಸುವುದು. ಯಾಕೆಂದರೆ ಮುಂದಿನ ತಿಂಗಳು ಯಾವ ತಾರೀಖಿನವರ ಸರದಿ ಅಂತ ಹೇಳುವ ವೀಸಾ ಬುಲೆಟಿನ್ ಹೊರಬೀಳುವುದು ಹೆಚ್ಚಾಗಿ ಈ ತಿಂಗಳ ಮಧ್ಯದಲ್ಲಿ. ಅದರಲ್ಲಿ ಎರಡು ಪಟ್ಟಿ ಇರುತ್ತವೆ. ಯಾವ ಪಟ್ಟಿ ನೋಡಬೇಕು ಅಂತ ಯುಎಸ್‌ಸಿಐಎಸ್ ಬೇರೆಯಾಗಿ ಹೇಳುತ್ತದೆ. ನಿಮ್ಮ ತಾರೀಖು ಬಂತು ಅಂತ ಗೊತ್ತಾದ ಮೇಲೆ ಊರಿಗೆ ಫೋನ್ ಮಾಡಿ ಚೀಟಿ ಹುಡುಕಿಸಲು ಹೋದರೆ ತಡ.

ಮಕ್ಕಳು ಕರ್ನಾಟಕದಲ್ಲಿ ಹುಟ್ಟಿದ್ದರೆ ತಾಯಿ ಕಾರ್ಡ್ ಇರುತ್ತದಲ್ವಾ, ಅದನ್ನು ಹುಡುಕಿಸಿ. ಪ್ರತಿ ಪುಟದ ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿದ್ದರೆ ಆ ಕ್ಲಿನಿಕ್ಕಿನ ಪುಸ್ತಕ. ದೊಡ್ಡವರಿಗೆ ಕಾಲೇಜು ಸೇರುವಾಗ, ಅಮೆರಿಕದಲ್ಲಿ ಓದಲು ಬಂದಾಗ ಹಾಕಿಸಿದ ಲೆಕ್ಕ ಇರಬಹುದು. ವಿಶ್ವವಿದ್ಯಾಲಯದ ಹೆಲ್ತ್ ಸೆಂಟರಿಗೆ ಒಂದು ಇಮೇಲ್ ಹಾಕಿದರೆ ಹಳೆಯ ದಾಖಲೆ ಕಳಿಸುತ್ತಾರೆ. ನನ್ನ ಹೆಂಡತಿಯ ಎಂಎಂಆರ್ ಎರಡೂ ಡೋಸು ಹೀಗೇ ಸಿಕ್ಕಿದ್ದು.

ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಭಾರತದ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇರುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ ಮಾತ್ರ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದೊಡ್ಡ ಅಭಿಯಾನ ಮಾಡಿ ಹಾಕಿದ್ದೂ ಅದೇ. ಅಮೆರಿಕ ಕೇಳುವುದು ಎಂಎಂಆರ್. ಅದರಲ್ಲಿ ಮಂಗನಬಾವಿನ ಲಸಿಕೆಯೂ ಸೇರಿದೆ. ಕಾರ್ಡಿನಲ್ಲಿ ಎಂಆರ್ ಅಂತ ಇರುವುದನ್ನು ಸರಿಯಾಗಿ ಓದದೆ "ಆಗಿದೆ, ಆಗಿದೆ" ಅಂತ ಹೋದರೆ ಕ್ಲಿನಿಕ್ಕಿನಲ್ಲಿ ತಡೆಯುತ್ತಾರೆ. ಚಿಕನ್‌ಪಾಕ್ಸ್ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. "ಚಿಕ್ಕವನಿದ್ದಾಗ ಅಮ್ಮ ಎದ್ದಿತ್ತು" ಅನ್ನುವವರು ಅದನ್ನು ಡಾಕ್ಟರಿಗೆ ಹೇಳಿ. ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಟೈಟರ್ ಪರೀಕ್ಷೆ ಮಾಡಿಸಬಹುದು. ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಮೂರಕ್ಕೂ ಟೈಟರ್ ನಡೆಯುತ್ತದೆ.

ಕನ್ನಡದಲ್ಲಿರುವ ಯಾವ ಕಾಗದ ಯುಎಸ್‌ಸಿಐಎಸ್‌ಗೆ ಹೋದರೂ ಜೊತೆಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ತಿ, ಸರಿಯಾಗಿದೆ" ಅಂತ ಬರೆದು ಸಹಿ ಹಾಕಬೇಕು. ನೋಟರಿ ಬೇಕಿಲ್ಲ. ಕನ್ನಡ ಓದಲು ಬರುವ ಸ್ನೇಹಿತರು ಮಾಡಿಕೊಟ್ಟರೆ ಸಾಕು. ನಾನು ಈ ಕೆಲಸ ನಾಲ್ಕೈದು ಮನೆಗಳಿಗೆ ಮಾಡಿಕೊಟ್ಟಿದ್ದೇನೆ, ಒಂದು ಊಟಕ್ಕೆ.

ಹೆಸರಿನ ವಿಷಯವನ್ನೂ ಈಗಲೇ ನೋಡಿಕೊಳ್ಳಿ. ನಮ್ಮಲ್ಲಿ ಸರ್‌ನೇಮ್ ಇಲ್ಲದವರು, ಅಪ್ಪನ ಹೆಸರು ಊರಿನ ಹೆಸರು ಇನಿಷಿಯಲ್ ಆಗಿರುವವರು ಬೇಕಾದಷ್ಟು ಜನ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಮೆಡಿಕಲ್ ಫಾರ್ಮಿನಲ್ಲೂ ಹಾಗೇ ಇರಲಿ.

ಎರಡನೇ ಹೆಜ್ಜೆ: ಮೆಡಿಕಲ್. ಮೊದಲು ರಕ್ತ, ಆಮೇಲೆ ಸೂಜಿ

ಅಮೆರಿಕದ ಒಳಗಿಂದ ಅರ್ಜಿ ಹಾಕುವವರು ಹೋಗಬೇಕಾದದ್ದು ಸಿವಿಲ್ ಸರ್ಜನ್ ಅನ್ನುವ ಡಾಕ್ಟರ ಹತ್ತಿರ. ಹೆಸರು ಕೇಳಿ ಹೆದರಬೇಡಿ, ಆಪರೇಷನ್ ಏನೂ ಇಲ್ಲ. ಯುಎಸ್‌ಸಿಐಎಸ್ ಒಪ್ಪಿದ ಡಾಕ್ಟರಿಗೆ ಇಟ್ಟ ಹೆಸರು ಅಷ್ಟೇ. ನಿಮ್ಮ ಮನೆ ಡಾಕ್ಟರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರು ಬರೆದುಕೊಟ್ಟದ್ದು ನಡೆಯುವುದಿಲ್ಲ. ಭಾರತಕ್ಕೆ ಹೋದಾಗ ಅಲ್ಲೇ ಅಗ್ಗಕ್ಕೆ ಮಾಡಿಸಿಕೊಂಡು ಬರೋಣ ಅಂದರೂ ಆಗುವುದಿಲ್ಲ.

ಈ ಡಾಕ್ಟರುಗಳ ಫೀಸಿಗೆ ಸರ್ಕಾರದ ಮಿತಿ ಇಲ್ಲ. ಒಂದೇ ಊರಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಎರಡು ಪಟ್ಟು ವ್ಯತ್ಯಾಸ ನೋಡಿದ್ದೇನೆ. ಮೂರು ನಾಲ್ಕು ಕಡೆ ಫೋನ್ ಮಾಡಿ. ರಕ್ತ ಪರೀಕ್ಷೆ ಸೇರಿದೆಯಾ, ಎಕ್ಸ್-ರೇ ಬಂದರೆ ಎಷ್ಟು, ಲಸಿಕೆಗೆ ಬೇರೆ ಎಷ್ಟು ಅಂತ ಬಿಡಿಸಿ ಕೇಳಿ. ಮೆಡಿಕಲ್ ಫೀಸನ್ನು ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ಆದರೆ ಲಸಿಕೆಗಳನ್ನು ಕೊಡುತ್ತದೆ. ಹಾಗಾಗಿ ಬಾಕಿ ಲಸಿಕೆಗಳನ್ನು ಮನೆ ಡಾಕ್ಟರ ಹತ್ತಿರವೋ ಫಾರ್ಮಸಿಯಲ್ಲೋ ಹಾಕಿಸಿಕೊಂಡು ಪ್ರಿಂಟ್ ತೆಗೆದುಕೊಂಡು ಹೋದರೆ ನಾಲ್ಕು ಜನದ ಮನೆಯಲ್ಲಿ ಒಳ್ಳೇ ದುಡ್ಡು ಉಳಿಯುತ್ತದೆ.

ಆದರೆ ತಡೆಯಿರಿ, ಓಡಿ ಹೋಗಿ ಸೂಜಿ ಹಾಕಿಸಿಕೊಳ್ಳಬೇಡಿ. ನಾವು ಕೆಟ್ಟದ್ದು ಇಲ್ಲೇ.

ಎರಡು ವರ್ಷ ದಾಟಿದ ಎಲ್ಲರಿಗೂ ಟಿಬಿ ಪರೀಕ್ಷೆ ಇದೆ. ಇದು ಐಜಿಆರ್‌ಎ ಅನ್ನುವ ರಕ್ತ ಪರೀಕ್ಷೆ. ಕ್ವಾಂಟಿಫೆರಾನ್ ಅನ್ನುವ ಹೆಸರೂ ಕೇಳಿರುತ್ತೀರಿ. ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳು ಜೀವಂತ ವೈರಸ್ಸಿನವು. ಅವನ್ನು ಹಾಕಿಸಿಕೊಂಡ ಮೇಲೆ ಸುಮಾರು ನಾಲ್ಕು ವಾರ ಈ ರಕ್ತ ಪರೀಕ್ಷೆಯ ಫಲಿತಾಂಶವನ್ನು ನಂಬಲಾಗುವುದಿಲ್ಲ. ಹಾಗಾಗಿ ರಕ್ತವನ್ನು ಲಸಿಕೆಗೆ ಮೊದಲು ಅಥವಾ ಅದೇ ದಿನ ಕೊಡಬೇಕು. ನಾವು ಹೋದ ಕ್ಲಿನಿಕ್ಕಿನಲ್ಲಿ ಸೋಮವಾರ ಎಂಎಂಆರ್ ಚುಚ್ಚಿ, "ಲ್ಯಾಬಿನವರು ಇವತ್ತಿಲ್ಲ, ಮುಂದಿನ ವಾರ ರಕ್ತ ಕೊಡಿ" ಅಂದರು. ನಾವೂ ತಲೆ ಆಡಿಸಿದೆವು. ಮುಂದಿನ ವಾರ ಹೋದಾಗ ಇನ್ನೊಬ್ಬ ಡಾಕ್ಟರು ಫೈಲು ನೋಡಿ, ಇನ್ನು ಮೂರು ವಾರ ಬಿಟ್ಟು ಬನ್ನಿ ಅಂದರು. ಅರ್ಜಿ ಹಾಕುವ ತಿಂಗಳು ಅಲ್ಲಿಗೆ ಮುಗಿಯಿತು. ಪುಣ್ಯಕ್ಕೆ ಮುಂದಿನ ತಿಂಗಳೂ ತಾರೀಖು ಹಿಂದಕ್ಕೆ ಜಾರಲಿಲ್ಲ.

ಇನ್ನೊಂದು ಲೆಕ್ಕ: ಎಂಎಂಆರ್, ಚಿಕನ್‌ಪಾಕ್ಸ್ ಎರಡೂ ಬೇಕಾದರೆ ಒಂದೇ ದಿನ ಹಾಕಿಸಿ. ಒಂದೇ ದಿನ ಆಗದಿದ್ದರೆ ನಡುವೆ 28 ದಿನ ಬಿಡಬೇಕು. ಬಸುರಿ ಹೆಂಗಸರಿಗೆ ಇವೆರಡನ್ನೂ ಹಾಕುವುದಿಲ್ಲ. "ಈಗ ವೈದ್ಯಕೀಯವಾಗಿ ಸೂಕ್ತವಲ್ಲ" ಅಂತ ಫಾರ್ಮಿನಲ್ಲಿ ಡಾಕ್ಟರು ಗುರುತು ಮಾಡಿದರೆ ಅದಕ್ಕೆ ವಿನಾಯಿತಿ ಸಿಗುತ್ತದೆ. ಮೂರು ಡೋಸಿನ ಲಸಿಕೆಗೆ ಮೂರೂ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಈಗ ಹಾಕಬಹುದಾದ ಡೋಸ್ ಹಾಕಿಸಿಕೊಂಡರೆ ಸಾಕು. ಫ್ಲೂ ಲಸಿಕೆ ಕೇಳುವುದು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಕೋವಿಡ್ ಲಸಿಕೆಯನ್ನು 2025ರ ಜನವರಿ 22ರಿಂದ ಕೇಳುತ್ತಿಲ್ಲ.

ಈಗ ಟಿಬಿ ಪರೀಕ್ಷೆ ಪಾಸಿಟಿವ್ ಬಂದರೆ? ನಮ್ಮ ಕಡೆಯವರಿಗೆ ಇದು ಬರುವುದು ಅಪರೂಪವೇನಲ್ಲ. ಚಿಕ್ಕಂದಿನಲ್ಲಿ ಹಾಕಿದ ಟಿಬಿ ಲಸಿಕೆ ಬಿಸಿಜಿ, ಎಡಗೈ ಮೇಲಿನ ಅದರ ಗುರುತಿನಿಂದ ಹೀಗಾಯಿತು ಅಂತ ಎಲ್ಲರೂ ಹೇಳುತ್ತಾರೆ. ಹಳೆಯ ಚರ್ಮದ ಪರೀಕ್ಷೆಗೆ ಆ ಮಾತು ಸರಿ. ಐಜಿಆರ್‌ಎ ಮೇಲೆ ಬಿಸಿಜಿಯ ಪ್ರಭಾವ ಇಲ್ಲ. ಪಾಸಿಟಿವ್ ಬಂತು ಅಂದರೆ ಯಾವಾಗಲೋ ಟಿಬಿ ರೋಗಾಣು ಒಳಗೆ ಹೊಕ್ಕಿ ಮಲಗಿದೆ ಅಂತ ಅರ್ಥ. ಬಸ್ಸು, ಹಾಸ್ಟೆಲ್ಲು, ಸಿನಿಮಾ ಟಾಕೀಸು ಎಲ್ಲ ಸುತ್ತಿ ಬೆಳೆದವರಲ್ವಾ ನಾವು. ಆಗ ಎದೆಯ ಎಕ್ಸ್-ರೇ ತೆಗೆಯುತ್ತಾರೆ. ಎಕ್ಸ್-ರೇ ಚೆನ್ನಾಗಿದ್ದು ರೋಗದ ಲಕ್ಷಣ ಇಲ್ಲದಿದ್ದರೆ ಗ್ರೀನ್ ಕಾರ್ಡಿಗೆ ಅಡ್ಡಿ ಇಲ್ಲ. ಡಾಕ್ಟರು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ, ಅಲ್ಲಿಂದ ಒಂದು ಫೋನ್ ಬರಬಹುದು. ಮಲಗಿರುವ ಟಿಬಿಗೆ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಅರ್ಜಿಗೆ ಅದು ಷರತ್ತಲ್ಲ. ಬಸುರಿ ಇದ್ದರೆ ಎಕ್ಸ್-ರೇ ಬಗ್ಗೆ ಮೊದಲೇ ಹೇಳಿ. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ತೆಗೆಯಬಹುದು, ಇಲ್ಲವೇ ಹೆರಿಗೆ ಆಗುವವರೆಗೆ ಮುಂದೂಡಬಹುದು. ಮುಂದೂಡಿದರೆ ಫಾರ್ಮೂ ಅಲ್ಲಿಯವರೆಗೆ ಪೂರ್ತಿ ಆಗುವುದಿಲ್ಲ.

18ರಿಂದ 44 ವರ್ಷದವರಿಗೆ ಸಿಫಿಲಿಸ್, 18ರಿಂದ 24ರವರಿಗೆ ಗೊನೋರಿಯಾ ಪರೀಕ್ಷೆ ಇದೆ. ಎಲ್ಲರಿಗೂ ಮಾಡುತ್ತಾರೆ, ಮುಜುಗರ ಬೇಡ. ಕುಡಿತ, ಡ್ರಗ್ಸ್, ಮನಸ್ಸಿನ ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ತಪ್ಪಲ್ಲ, ಅದರಿಂದ ಕಾರ್ಡ್ ನಿಲ್ಲುವುದಿಲ್ಲ. ನಿಮ್ಮ ಡಾಕ್ಟರದ್ದೊಂದು ಪತ್ರ ಇದ್ದರೆ ಸಾಕು. ಗಾಂಜಾ ವಿಷಯ ಮಾತ್ರ ಬೇರೆ. ನೀವಿರುವ ರಾಜ್ಯದಲ್ಲಿ ಅಂಗಡಿಯಲ್ಲೇ ಮಾರುತ್ತಿರಬಹುದು. ಫೆಡರಲ್ ಕಾನೂನಿನಲ್ಲಿ ಅದು ಈಗಲೂ ನಿಷಿದ್ಧ, ಇಮಿಗ್ರೇಷನ್ ನಡೆಯುವುದು ಫೆಡರಲ್ ಕಾನೂನಿನ ಮೇಲೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು, ಗಾಂಜಾ ಮುಟ್ಟಿದವರು ಡಾಕ್ಟರ ಹತ್ತಿರ ಹೋಗುವ ಮೊದಲು ವಕೀಲರನ್ನು ನೋಡಿ.

ಫಾರ್ಮಿಗೆ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ. ಡಾಕ್ಟರು ಹೇಳಿದ ಮೇಲೆ ಅವರ ಮುಂದೆಯೇ ಹಾಕಬೇಕು. ಕೊನೆಗೆ ಅವರು ಲಕೋಟೆಯಲ್ಲಿ ಹಾಕಿ ಮುಚ್ಚಿ ಕೊಡುತ್ತಾರೆ. ಅದನ್ನು ಒಡೆಯುವಂತಿಲ್ಲ. ಹಾಗಾಗಿ ಮುಚ್ಚುವ ಮೊದಲೇ ಒಂದು ಪ್ರತಿ ಕೇಳಿ ಪಡೆದು, ಅಲ್ಲೇ ನಿಂತು ಹೆಸರು, ಹುಟ್ಟಿದ ದಿನ, ಸಹಿ, ತಾರೀಖು ನೋಡಿಕೊಳ್ಳಿ. 2024ರ ಡಿಸೆಂಬರ್ 2ರಿಂದ ಐ-485, ಅಂದರೆ ಗ್ರೀನ್ ಕಾರ್ಡಿನ ಮುಖ್ಯ ಅರ್ಜಿಯ ಜೊತೆಗೇ ಈ ಲಕೋಟೆ ಹೋಗಬೇಕು. ಆಮೇಲೆ ಕಳಿಸುತ್ತೇವೆ ಅಂದರೆ ಅರ್ಜಿಯನ್ನೇ ವಾಪಸ್ ಕಳಿಸಬಹುದು.

ಮೂರನೇ ಹೆಜ್ಜೆ: ಅರ್ಜಿ ಹಾಕಿದ ಮೇಲೆ ಊರಿನ ಯೋಚನೆ

ರಸೀದಿ ಬಂತು. ತಂಗಿಯ ಮದುವೆ ಫೆಬ್ರವರಿಯಲ್ಲಿ. ಹೋಗಬಹುದಾ?

ಐ-485 ಬಾಕಿ ಇರುವಾಗ ಅಡ್ವಾನ್ಸ್ ಪರೋಲ್ (ಹೋಗಿ ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ ಕಾಗದ) ಇಲ್ಲದೆ ದೇಶ ಬಿಟ್ಟರೆ, ಅರ್ಜಿಯನ್ನು ನೀವೇ ಕೈಬಿಟ್ಟಿರಿ ಅಂತ ಲೆಕ್ಕ. ಇದಕ್ಕೆ ಮುಖ್ಯ ವಿನಾಯಿತಿ ಎಚ್-1ಬಿ, ಎಚ್-4, ಎಲ್-1, ಎಲ್-2 ಮೇಲಿರುವವರಿಗೆ. ಅವರು ಹೋಗಿ ಅದೇ ವೀಸಾ ಮೇಲೆ ವಾಪಸ್ ಬರಬಹುದು. ಎಚ್-1ಬಿಯವರು ಬಂದ ಮೇಲೆ ಅದೇ ಕಂಪನಿಯ ಕೆಲಸ ಮುಂದುವರಿಸಬೇಕು. ಅರ್ಜಿಯ ಜೊತೆ ಸಿಕ್ಕ ಇಎಡಿ ಕಾರ್ಡ್ (ಕೆಲಸ ಮಾಡಲು ಅನುಮತಿ) ಬಳಸಿ ಬೇರೆ ಕೆಲಸ ಶುರು ಮಾಡಿ ಎಚ್-1ಬಿ ಬಿಟ್ಟವರಿಗೆ ಈ ವಿನಾಯಿತಿ ಇಲ್ಲ. ಅವರಿಗೆ ಅಡ್ವಾನ್ಸ್ ಪರೋಲ್ ಬಿಟ್ಟರೆ ಬೇರೆ ದಾರಿಯಿಲ್ಲ.

ಎಚ್-1ಬಿ ಇದೆಯಲ್ಲಾ, ಪರೋಲ್ ಯಾಕೆ ಅಂತ ಅನ್ನಿಸಬಹುದು. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಇನ್ನೂ ಚಾಲ್ತಿಯಲ್ಲಿ ಇದ್ದರೆ ಚಿಂತೆಯಿಲ್ಲ. ಮುಗಿದಿದ್ದರೆ ಊರಿನಲ್ಲಿ ಮತ್ತೆ ಸ್ಟಾಂಪಿಂಗ್ ಆಗಬೇಕು. 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿಯವರಿಗೆ ಸಂದರ್ಶನವಿಲ್ಲದೆ ಸ್ಟಾಂಪ್ ಪಡೆಯುವ ಡ್ರಾಪ್‌ಬಾಕ್ಸ್ ಸೌಲಭ್ಯ ಹೋಯಿತು, ಸಂದರ್ಶನಕ್ಕೆ ಹೋಗಲೇಬೇಕು. ಡಿಸೆಂಬರ್ 15ರಿಂದ ಸೋಷಿಯಲ್ ಮೀಡಿಯಾ ಪರಿಶೀಲನೆ ಸೇರಿತು. ಆಗ ಭಾರತದಲ್ಲಿ ಎಷ್ಟೋ ಜನರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಎರಡು ವಾರಕ್ಕೆ ಅಂತ ಬಂದವರು ಅಪ್ಪನ ಮನೆಯ ಮಹಡಿಯಲ್ಲಿ ಕೂತು ರಾತ್ರಿಯಿಡೀ ಅಮೆರಿಕದ ಆಫೀಸು ಮಾಡಿದರು. ಪರೋಲ್ ಇದ್ದರೆ ಸ್ಟಾಂಪಿಂಗ್ ಬೇಡ. ಅದಕ್ಕೇ ನನ್ನ ಸಲಹೆ: ಎಚ್-1ಬಿ ಇದ್ದರೂ ಐ-485 ಜೊತೆಗೇ ಮನೆಯ ಎಲ್ಲರಿಗೂ ಪರೋಲ್ ಕೇಳುವ ಫಾರ್ಮ್ ಐ-131 ಹಾಕಿಬಿಡಿ. 2024ರ ಏಪ್ರಿಲ್‌ನಿಂದ ಇದಕ್ಕೆ ಬೇರೆ ಫೀಸು ಕೊಡಬೇಕು, ಹೌದು. ಆದರೂ ಹಾಕಿ. ಊರಲ್ಲಿ ಹುಟ್ಟಿದ ಮಗುವಿಗೂ ಬೇರೆಯಾಗಿಯೇ ಬೇಕು. ಅಮೆರಿಕದಲ್ಲಿ ಹುಟ್ಟಿದ ಚಿಕ್ಕದಕ್ಕೆ ಬೇಡ. ಅದಕ್ಕೆ ಬೇಕಾದದ್ದು ಭಾರತಕ್ಕೆ ಹೋಗಲು ಒಸಿಐ (ಭಾರತ ಮೂಲದ ವಿದೇಶಿಯರಿಗೆ ಕೊಡುವ ಕಾರ್ಡ್) ಅಥವಾ ಇ-ವೀಸಾ. ಅಪ್ಪ ಅಮ್ಮನ ಕಾಗದ ಎಲ್ಲ ಸರಿ ಮಾಡಿಕೊಂಡು, ಅಮೆರಿಕನ್ ಪಾಸ್‌ಪೋರ್ಟಿನ ಮಗುವಿಗೆ ಭಾರತದ ವೀಸಾ ಮರೆತು ಏರ್‌ಪೋರ್ಟಿನಿಂದ ವಾಪಸ್ ಬಂದ ಮನೆಯೊಂದು ನನಗೆ ಗೊತ್ತು.

ಪರೋಲ್ ಅರ್ಜಿ ಹಾಕಿದರೆ ಸಾಲದು, ಅದು ಒಪ್ಪಿಗೆಯಾಗಿ ಕೈಗೆ ಬಂದ ಮೇಲೆಯೇ ಹೊರಡಬೇಕು. ಎಚ್-1ಬಿ, ಎಚ್-4 ಇಲ್ಲದವರು ಅದಕ್ಕೆ ಮೊದಲು ಹೊರಟರೆ ಐ-131 ಜೊತೆ ಐ-485 ಕೂಡ ಹೋಗುತ್ತದೆ. ಎಚ್-1ಬಿ ಮೇಲೆ ಹೋಗಿ ಬಂದವರಿಗೆ ಐ-485 ಉಳಿಯುತ್ತದೆ, ಐ-131 ಮಾತ್ರ ತಿರಸ್ಕಾರ ಆಗಬಹುದು. ವಾಪಸ್ ಬರುವ ದಿನಕ್ಕೆ ಪರೋಲ್ ಕಾಗದ ಚಾಲ್ತಿಯಲ್ಲಿ ಇರಬೇಕು. ಟಿಕೆಟ್ ತೆಗೆಯುವಾಗ ನಾವೆಲ್ಲ ಹೋಗುವ ದಿನ ನೋಡುತ್ತೇವೆ. ನೋಡಬೇಕಾದ್ದು ಬರುವ ದಿನ.

ಬೆರಳಚ್ಚು, ಫೋಟೋ ಕೊಡಲು ಕರೆಯುವ ಬಯೋಮೆಟ್ರಿಕ್ಸ್ ನೋಟಿಸ್ ನೀವು ಊರಲ್ಲಿದ್ದಾಗ ಬಂದರೆ ಆ ದಿನಕ್ಕೆ ಮೊದಲೇ ಆನ್‌ಲೈನಿನಲ್ಲಿ ದಿನ ಬದಲಿಸಿಕೊಳ್ಳಿ. ಇನ್ನೂ ಮುಖ್ಯವಾದದ್ದು ಮೆಡಿಕಲ್ ನೋಟಿಸ್. 2020ರ ಅಕ್ಟೋಬರಿನಲ್ಲಿ ತಾರೀಖು ಒಮ್ಮೆಲೇ ಮುಂದೆ ಜಿಗಿದಾಗ ಅರ್ಜಿ ಹಾಕಿ ಇನ್ನೂ ಕಾಯುತ್ತಿರುವವರು ಇದ್ದಾರೆ. ಅವರ ಮೆಡಿಕಲ್‌ಗೆ 2023ರ ನವೆಂಬರ್ 1ಕ್ಕಿಂತ ಮೊದಲು ಸಹಿ ಆಗಿದ್ದರೆ ಅದರ ಎರಡು ವರ್ಷದ ಆಯಸ್ಸು ಮುಗಿದಿದೆ. ಹೊಸ ಮೆಡಿಕಲ್ ಕೇಳಿ ಪತ್ರ ಬರುತ್ತದೆ, ಗಡುವಿನೊಳಗೆ ಉತ್ತರ ಹೋಗಬೇಕು. ಸಿವಿಲ್ ಸರ್ಜನ್ ಇರುವುದು ಅಮೆರಿಕದಲ್ಲಿ, ನೀವಿರುವುದು ಹಾಸನದಲ್ಲಿ, ಪತ್ರ ಬಿದ್ದಿರುವುದು ಖಾಲಿ ಮನೆಯ ಪೋಸ್ಟ್ ಬಾಕ್ಸಿನಲ್ಲಿ. ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿ, ಅಂಚೆ ನೋಡಿ ಫೋಟೋ ಕಳಿಸಲು ಹೇಳಿ.

ಇದ್ದಕ್ಕಿದ್ದಂತೆ ಹೋಗಬೇಕಾದರೆ

ರಾತ್ರಿ ಎರಡು ಗಂಟೆಗೆ ಊರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಅಪ್ಪ ಐಸಿಯುನಲ್ಲಿ. ಪರೋಲ್ ಇನ್ನೂ ಬಂದಿಲ್ಲ. ಇಂಥ ಹೊತ್ತಿಗೆ ತುರ್ತು ಅಡ್ವಾನ್ಸ್ ಪರೋಲ್ ಅನ್ನುವ ದಾರಿ ಇದೆ. ಯುಎಸ್‌ಸಿಐಎಸ್ ಕಾಂಟ್ಯಾಕ್ಟ್ ಸೆಂಟರಿಗೆ ಫೋನ್ ಮಾಡಿ, ತುರ್ತು ಇದೆ, ಹತ್ತಿರದ ಫೀಲ್ಡ್ ಆಫೀಸಿನಲ್ಲಿ ಅಪಾಯಿಂಟ್‌ಮೆಂಟ್ ಬೇಕು ಅಂತ ಕೇಳಬೇಕು. ತುಂಬಿದ ಐ-131 ಅಥವಾ ಹಾಕಿದ್ದರ ರಸೀದಿ, ಫೀಸು, ಫೋಟೋ, ಐ-485 ರಸೀದಿ, ತುರ್ತಿಗೆ ಸಾಕ್ಷಿ ಹಿಡಿದು ಹೋಗಬೇಕು.

ಆ ಸಾಕ್ಷಿ ಗಟ್ಟಿಯಾಗಿರಬೇಕು. ಊರಿನ ಆಸ್ಪತ್ರೆಯವರು ಸಾಮಾನ್ಯವಾಗಿ ಚೀಟಿಯಲ್ಲಿ ಎರಡು ಸಾಲು ಗೀಚಿ ಕೊಡುತ್ತಾರೆ. ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ, ರೋಗಿಯ ಹೆಸರು, ಸೇರಿದ ದಿನ, ಏನಾಗಿದೆ, ಎಷ್ಟು ಗಂಭೀರ ಅಂತ ಬರೆಸಿ, ಡಾಕ್ಟರ ಸಹಿ ಸೀಲು ಹಾಕಿಸಲು ಅಲ್ಲಿರುವ ತಮ್ಮನಿಗೋ ಭಾವನಿಗೋ ಹೇಳಿ. ರೋಗಿ ನಿಮ್ಮ ತಂದೆ ಅಂತ ತೋರಿಸಲು ನಿಮ್ಮ ಜನ್ಮ ಪ್ರಮಾಣಪತ್ರ ಅಥವಾ ಅಪ್ಪನ ಹೆಸರಿರುವ ಪಾಸ್‌ಪೋರ್ಟ್ ಪುಟ ಇರಲಿ. ಕೊಡುವುದು ಬಿಡುವುದು ಅಧಿಕಾರಿಯ ಕೈಯಲ್ಲಿದೆ. ಕಾಗದ ಸಿಗುವ ಮೊದಲು ವಿಮಾನ ಹತ್ತಿದರೆ ಮಾತ್ರ ಬಾಕಿ ಇದ್ದ ಐ-485, ಮಾಡಿಸಿದ ಮೆಡಿಕಲ್ ಎರಡೂ ಅಲ್ಲಿಗೆ ನಿಂತವು. ಎಚ್-1ಬಿ ಸ್ಟಾಂಪ್ ಚಾಲ್ತಿ ಇದ್ದು ಅದೇ ಕಂಪನಿಯಲ್ಲಿ ಇರುವವರು ಇಷ್ಟೆಲ್ಲ ನೋಡದೆ ಹೊರಡಬಹುದು. ಯಾರು ಯಾವ ಸ್ಥಿತಿಯಲ್ಲಿ ಇದ್ದೇವೆ ಅನ್ನುವುದನ್ನು ನೆಮ್ಮದಿಯ ದಿನವೊಂದರಲ್ಲಿ ಗಂಡ ಹೆಂಡತಿ ಕೂತು ಒಂದು ಹಾಳೆಯಲ್ಲಿ ಬರೆದು ಫ್ರಿಡ್ಜಿಗೆ ಅಂಟಿಸಿಡಿ. ಅಳುವ ಹೊತ್ತಿನಲ್ಲಿ ನಿಯಮ ನೆನಪಾಗುವುದಿಲ್ಲ.

ದಾರಿಯಲ್ಲಿ

ಟಿಕೆಟ್ ತೆಗೆಯುವಾಗ ಎಲ್ಲಿ ವಿಮಾನ ಬದಲಿಸುತ್ತೀರಿ ನೋಡಿ. ಭಾರತದ ಪಾಸ್‌ಪೋರ್ಟಿನವರಿಗೆ ಲಂಡನ್ನಿನಲ್ಲಿ ಬರೀ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕದ ಚಾಲ್ತಿ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ವಿನಾಯಿತಿ ಉಂಟು. ಪರೋಲ್ ಕಾಗದ ಮಾತ್ರ ಇದ್ದರೆ ಆ ವಿನಾಯಿತಿ ಸಿಗುವುದಿಲ್ಲ. ಪರೋಲ್ ಮೇಲೆ ಓಡಾಡುವವರು ದೋಹಾ, ದುಬೈ ಕಡೆಯಿಂದ ಹೋಗುವುದು ನಿರಾಳ. ನೂರು ಡಾಲರ್ ಉಳಿಸಲು ಹೋಗಿ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ನಿಲ್ಲಬೇಡಿ.

ಅದೇ ಕೌಂಟರಿನಲ್ಲಿ "ವೀಸಾ ಎಲ್ಲಿ?" ಅಂತ ಕೇಳುತ್ತಾರೆ. ಮುಗಿದ ಸ್ಟಾಂಪ್ ತೋರಿಸಿ ಗಲಿಬಿಲಿ ಮಾಡಬೇಡಿ, ನೇರವಾಗಿ ಪರೋಲ್ ಕಾಗದ ಕೊಡಿ. ಮೂಲ ಪ್ರತಿ ಕೈಚೀಲದಲ್ಲೇ ಇರಲಿ. ಅಮೆರಿಕದಲ್ಲಿ ಇಳಿದ ಮೇಲೆ ಪರೋಲಿನವರನ್ನು ಸಾಮಾನ್ಯವಾಗಿ ಒಳಗಿನ ಕೋಣೆಗೆ ಕಳಿಸುತ್ತಾರೆ. ತಪ್ಪು ಮಾಡಿದ್ದಕ್ಕಲ್ಲ, ಅಲ್ಲಿನ ಪದ್ಧತಿ ಅದು. ಒಂದು ಗಂಟೆ ಆಗಬಹುದು, ಎರಡೂ ಆಗಬಹುದು. ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ ಅಂತರ ಇಟ್ಟುಕೊಳ್ಳಿ. ಮಕ್ಕಳಿಗೆ ಚಕ್ಕುಲಿ ಡಬ್ಬಿ ಕೈಗೆ ಸಿಗುವಂತೆ ಇರಲಿ. ಮನೆ ಮುಟ್ಟಿದ ಮೇಲೆ ಆನ್‌ಲೈನಿನಲ್ಲಿ ಎಲ್ಲರ ಐ-94, ಅಂದರೆ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ಪ್ರವೇಶ ದಾಖಲೆ, ತೆಗೆದು ನೋಡಿ. ಎಚ್-1ಬಿ ಮೇಲೆ ಬಂದವರು ಇನ್ನೂ ಎಚ್ಚರದಿಂದ ನೋಡಿ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಐ-94 ಕತ್ತರಿಸಿಬಿಡುತ್ತಾರೆ, ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ.

ಆರು ತಿಂಗಳು ತುಂಬಿದ ಪಾಪು ಇದ್ದರೆ ಊರಿಗೆ ಹೊರಡುವ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ. 6ರಿಂದ 11 ತಿಂಗಳ ಮಕ್ಕಳಿಗೆ ವಿದೇಶ ಪ್ರಯಾಣಕ್ಕೆ ಮುಂಚೆ ಒಂದು ಎಂಎಂಆರ್ ಹಾಕುತ್ತಾರೆ. ಅದು ಮುಂದಿನ ಎರಡು ಡೋಸುಗಳ ಲೆಕ್ಕಕ್ಕೆ ಸೇರುವುದಿಲ್ಲ.

ಅಪ್ಪ ಅಮ್ಮ ಊರಿನಿಂದ ಬರುವುದಾದರೆ

ಇಲ್ಲಿ ಮೆಡಿಕಲ್ ಬೇರೆ, ಡಾಕ್ಟರೂ ಬೇರೆ. ಸಂದರ್ಶನ ಹೆಚ್ಚಾಗಿ ಮುಂಬೈ ಕಾನ್ಸುಲೇಟಿನಲ್ಲಿ. ಮೆಡಿಕಲ್ ಮಾಡುವವರು ಕಾನ್ಸುಲೇಟ್ ಒಪ್ಪಿದ ಪ್ಯಾನೆಲ್ ಡಾಕ್ಟರು. ಸಂದರ್ಶನದ ದಿನ ಗೊತ್ತಾದ ಮೇಲೆ, ಆ ದಿನಕ್ಕೆ ಮೊದಲು ಮಾಡಿಸಬೇಕು. 15 ವರ್ಷ ದಾಟಿದ ಎಲ್ಲರಿಗೂ ಎದೆ ಎಕ್ಸ್-ರೇ ಇದೆ.

ವಯಸ್ಸಾದವರ ವಿಷಯದಲ್ಲಿ ಎಕ್ಸ್-ರೇಯೇ ದೊಡ್ಡ ತಿರುವು. ಮೂವತ್ತು ವರ್ಷದ ಹಿಂದೆ ಟಿಬಿ ಆಗಿ ವಾಸಿಯಾದ ಗುರುತು ಶ್ವಾಸಕೋಶದಲ್ಲಿ ಉಳಿದಿರುತ್ತದೆ. ಎಕ್ಸ್-ರೇಯಲ್ಲಿ ಅನುಮಾನ ಬಂದರೆ ಮೂರು ಸಲ ಕಫ ತೆಗೆದು ಕಲ್ಚರ್‌ಗೆ ಹಾಕುತ್ತಾರೆ. ಆ ಫಲಿತಾಂಶಕ್ಕೆ ಎಂಟು ವಾರ. ಹಳೆಯ ಎಕ್ಸ್-ರೇ, ಮಾತ್ರೆ ತೆಗೆದುಕೊಂಡ ಕಾರ್ಡು ಏನಿದ್ದರೂ ಹಿಡಿದು ಹೋಗಲಿ. ವೀಸಾ ಕೈಗೆ ಬರುವ ಮೊದಲು ಮನೆ ಖಾಲಿ ಮಾಡುವುದು, ಟಿಕೆಟ್ ತೆಗೆಯುವುದು, ಬೀಳ್ಕೊಡುಗೆ ಊಟ ಹಾಕಿಸುವುದು ಬೇಡ ಅಂತ ಗಟ್ಟಿಯಾಗಿ ಹೇಳಿ. ಶುಗರ್, ಬಿಪಿ ಇದೆ ಅಂತ ಮೆಡಿಕಲ್‌ನಲ್ಲಿ ಫೇಲ್ ಮಾಡುವುದಿಲ್ಲ. ಆದರೆ ಇವರ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕಾನ್ಸುಲೇಟ್ ಕೇಳಬಹುದು. ಖರ್ಚು ನಾವು ನೋಡಿಕೊಳ್ಳುತ್ತೇವೆ ಅಂತ ನೀವು ಬರೆದುಕೊಡುವ ಐ-864 ಮತ್ತು ಆದಾಯದ ಕಾಗದ ಚೆನ್ನಾಗಿರಲಿ.

ಮೆಡಿಕಲ್‌ಗೆ ಸಾಮಾನ್ಯವಾಗಿ ಆರು ತಿಂಗಳ ಆಯಸ್ಸು, ವೀಸಾದ ಕೊನೆಯ ದಿನವೂ ಅದಕ್ಕೆ ಅಂಟಿಕೊಂಡಿರುತ್ತದೆ. ಅಷ್ಟರೊಳಗೆ ಅಮೆರಿಕ ಮುಟ್ಟಬೇಕು. ಹೊರಡುವ ಮೊದಲು 235 ಡಾಲರ್ ಇಮಿಗ್ರೆಂಟ್ ಫೀಸ್ ಆನ್‌ಲೈನಿನಲ್ಲಿ ಕಟ್ಟಿ, ಕಟ್ಟಿದ ಮೇಲೆಯೇ ಕಾರ್ಡ್ ಅಚ್ಚಾಗುವುದು. ಏರ್‌ಪೋರ್ಟಿನಲ್ಲಿ ಮೊಹರು ಬಿದ್ದ ವೀಸಾ ಒಂದು ವರ್ಷ ಗ್ರೀನ್ ಕಾರ್ಡಿನ ಬದಲು ನಡೆಯುತ್ತದೆ. 65 ದಾಟಿದವರಿಗೆ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸಿಗಲು ಐದು ವರ್ಷ ಇಲ್ಲಿ ವಾಸ ಮಾಡಿರಬೇಕು. ಬಂದ 60 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ (ಆರೋಗ್ಯ ವಿಮೆ ಕೊಳ್ಳುವ ಸರ್ಕಾರಿ ತಾಣ) ಇನ್ಶೂರೆನ್ಸ್ ನೋಡಿ. ಊರಿನಿಂದ ಮೂರು ತಿಂಗಳ ಮಾತ್ರೆ ಮೂಲ ಪ್ಯಾಕಿನಲ್ಲಿ, ಇಂಗ್ಲಿಷ್ ಚೀಟಿ ಸಮೇತ ತರಲಿ.

ಕಾರ್ಡ್ ಬಂದ ಮೇಲೆ

ಇನ್ನು ಹಾಯಾಗಿ ಹೋಗಿ ಬರಬಹುದು, ಆದರೆ ದಿನ ಎಣಿಸಿಕೊಂಡು. ಆರು ತಿಂಗಳು ದಾಟಿದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸದ ಲೆಕ್ಕಕ್ಕೆ ಪೆಟ್ಟು ಬೀಳುತ್ತದೆ. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರಲಾಗುವುದಿಲ್ಲ. ಅಷ್ಟು ದಿನ ಇರಬೇಕಾದರೆ ಹೊರಡುವ ಮೊದಲು ರೀ-ಎಂಟ್ರಿ ಪರ್ಮಿಟ್‌ಗೆ ಐ-131 ಹಾಕಿ, ಬಯೋಮೆಟ್ರಿಕ್ಸ್ ಕೊಟ್ಟು ಹೋಗಬೇಕು. ಅದು ಎರಡು ವರ್ಷದವರೆಗೆ ನಡೆಯುತ್ತದೆ. ಪೌರತ್ವಕ್ಕೆ ಐದು ವರ್ಷದಲ್ಲಿ 30 ತಿಂಗಳು ಇಲ್ಲಿ ಇದ್ದಿರಬೇಕು.

ಅಪ್ಪ ಅಮ್ಮ "ಐದೂವರೆ ತಿಂಗಳು ಅಲ್ಲಿ, ಹದಿನೈದು ದಿನ ಇಲ್ಲಿ" ಅಂತ ಲೆಕ್ಕ ಹಾಕುತ್ತಾರೆ. ಅಧಿಕಾರಿ ದಿನ ಎಣಿಸುವುದರ ಜೊತೆಗೆ ಇವರ ಮನೆ ನಿಜವಾಗಿ ಎಲ್ಲಿ ಅಂತ ನೋಡುತ್ತಾನೆ. ಏರ್‌ಪೋರ್ಟಿನಲ್ಲಿ ಐ-407 ಫಾರ್ಮ್ ಮುಂದಿಟ್ಟು ಸಹಿ ಮಾಡಿ ಅಂದರೆ ಮಾಡಲೇಬೇಕು ಅಂತಿಲ್ಲ. ಅದು ಕಾರ್ಡನ್ನು ತಾವಾಗಿ ಬಿಟ್ಟುಕೊಡುವ ಕಾಗದ. ಇಮಿಗ್ರೇಷನ್ ಜಡ್ಜ್ ಮುಂದೆ ಹೇಳಿಕೊಳ್ಳುವ ಹಕ್ಕು ಅವರಿಗಿದೆ. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿಡಿ.

ಊರಲ್ಲಿ ಕಾರ್ಡ್ ಕಳೆದರೆ ಐ-131ಎ ಹಾಕಿ ಕಾನ್ಸುಲೇಟಿನಿಂದ ಬೋರ್ಡಿಂಗ್ ಫಾಯಿಲ್ (ಕಾರ್ಡಿಲ್ಲದೆ ವಿಮಾನ ಹತ್ತಲು ಪಾಸ್‌ಪೋರ್ಟಿಗೆ ಅಂಟಿಸುವ ಕಾಗದ) ಪಡೆಯಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಜೊತೆಗೇ ಶುರುವಾಗಲಿಲ್ಲ. ಚೆನ್ನೈ ರೈಲಿನ ಸಮಯ ಗೊತ್ತಿರಲಿ. ಮಕ್ಕಳಿಗೆ 14 ತುಂಬಿದ 30 ದಿನದೊಳಗೆ ಹೊಸ ಕಾರ್ಡಿಗೆ ಐ-90 ಹಾಕಿ ಬೆರಳಚ್ಚು ಕೊಡಿಸಬೇಕು, ಹುಟ್ಟುಹಬ್ಬದ ಗಲಾಟೆಯಲ್ಲಿ ಇದು ಮರೆತೇ ಹೋಗುತ್ತದೆ.

ಕೊನೆಯದಾಗಿ, ಹೆರಿಗೆಗೆ ತವರಿಗೆ ಹೋಗುವವರಿಗೆ. ಅಮ್ಮನಿಗೆ ಗ್ರೀನ್ ಕಾರ್ಡ್ ಇದ್ದು, ಸ್ವಲ್ಪ ದಿನಕ್ಕೆ ಅಂತ ಊರಿಗೆ ಹೋದಾಗ ಮಗು ಹುಟ್ಟಿದರೆ ಆ ಮಗುವಿಗೆ ವೀಸಾ ಬೇಕಿಲ್ಲ. ಎರಡು ವರ್ಷ ತುಂಬುವುದರೊಳಗೆ, ಹೆರಿಗೆಯ ನಂತರ ಅಪ್ಪ ಅಥವಾ ಅಮ್ಮ ಮೊದಲ ಸಲ ಅಮೆರಿಕಕ್ಕೆ ವಾಪಸ್ ಬರುವಾಗ ಜೊತೆಯಲ್ಲೇ ಕರೆತರಬೇಕು. ಮಗುವಿನ ಭಾರತೀಯ ಪಾಸ್‌ಪೋರ್ಟ್, ಅಪ್ಪ ಅಮ್ಮ ಇಬ್ಬರ ಹೆಸರಿರುವ ಜನನ ಪ್ರಮಾಣಪತ್ರ, ಕನ್ನಡದಲ್ಲಿದ್ದರೆ ಅನುವಾದ ಇರಲಿ. ಬಾಣಂತನದ ನಡುವೆ ಮಗುವನ್ನು ಬಿಟ್ಟು ಅಮ್ಮ ಒಮ್ಮೆ ಹೋಗಿ ಬಂದುಬಿಟ್ಟರೆ ಈ ಅನುಕೂಲ ಕೈತಪ್ಪಬಹುದು. ಎಚ್-4 ಅಥವಾ ಪರೋಲ್ ಮೇಲಿರುವ ತಾಯಂದಿರಿಗೆ ಇದು ಅನ್ವಯಿಸುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗನಿಗೆ ಈ ನಿಯಮ ಗೊತ್ತಿಲ್ಲದೆ ಇರಬಹುದು. ನಿಯಮದ ಪ್ರಿಂಟ್ ಕೈಚೀಲದಲ್ಲಿಟ್ಟುಕೊಂಡು, ಎಂದಿಗಿಂತ ಒಂದು ಗಂಟೆ ಮುಂಚೆ ಏರ್‌ಪೋರ್ಟ್ ಸೇರಿ, ಮೇಲಧಿಕಾರಿಯನ್ನು ಕರೆಯಿರಿ ಅಂತ ಸಮಾಧಾನವಾಗಿ ಕೇಳಿ.